1-0-1ರ ಚೀಟಿ ಮತ್ತು ರಾತ್ರಿಯ ಊಟ

ಸ್ಟೆಂಟ್ ಹಾಕಿಸಿಕೊಂಡೋ ಬೈಪಾಸ್ ಮಾಡಿಸಿಕೊಂಡೋ ಮನೆಗೆ ಬರುವವರ ಕೈಯಲ್ಲಿ ಒಂದು ಡಿಸ್ಚಾರ್ಜ್ ಚೀಟಿ ಇರುತ್ತದೆ. ಮಾತ್ರೆಗಳ ಹೆಸರಿನ ಮುಂದೆ 1-0-1, 0-0-1, 1-0-0 ಎಂದು ಬರೆದಿರುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ. ಕೆಲವು ಊಟಕ್ಕೆ ಮೊದಲು, ಕೆಲವು ಊಟವಾದ ಮೇಲೆ. ಕೊನೆಗೆ ಉಪ್ಪು, ಎಣ್ಣೆ ಕಡಿಮೆ ಮಾಡಿ ಎಂದು ಒಂದು ಸಾಲು. ಊಟ ಎಷ್ಟು ಗಂಟೆಗೆ ಎನ್ನುವುದು ಮಾತ್ರ ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಬೆಳಿಗ್ಗೆ ಎಂದರೆ ಎಂಟೋ ಹತ್ತೂವರೆಯೋ, ರಾತ್ರಿ ಎಂದರೆ ಏಳೋ ಹನ್ನೊಂದೋ, ಅದು ಆಯಾ ಮನೆಯ ರೂಢಿ.

ಆ ಖಾಲಿ ಜಾಗವನ್ನು ಈಗ ವಾಟ್ಸಾಪ್ ತುಂಬುತ್ತಿದೆ. ಹದಿನಾರು ಗಂಟೆ ಉಪವಾಸ, ಉಳಿದ ಎಂಟು ಗಂಟೆಯಲ್ಲಿ ಊಟ. ನೆಂಟರಲ್ಲಿ ಯಾರಾದರೊಬ್ಬರು ಹೀಗೆ ಮಾಡಿ ತೂಕ ಇಳಿಸಿಕೊಂಡಿರುತ್ತಾರೆ. ಅವರ ಮಾತು ಕೇಳಿ ಮೊನ್ನೆಯಷ್ಟೇ ಆಸ್ಪತ್ರೆಯಿಂದ ಬಂದವರೂ ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನ ಹನ್ನೆರಡಕ್ಕೆ ಮೊದಲ ತುತ್ತು ಎತ್ತುತ್ತಾರೆ. ಹೊತ್ತಿಗೆ ಗಡಿ ಹಾಕಿಕೊಂಡು ಉಣ್ಣುವುದರಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಹೃದಯದ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿರುವವರು ಕತ್ತರಿ ಹಾಕಬೇಕಾದದ್ದು ಬೆಳಗಿನ ತಿಂಡಿಗಲ್ಲ, ರಾತ್ರಿಯ ತುದಿಗೆ. ಅದನ್ನೂ ಆ ಮಾತ್ರೆ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಮಾಡಬೇಕು.

ಈ ವಿಚಾರ ದೊಡ್ಡ ಸುದ್ದಿಯಾದದ್ದು 2012ರಲ್ಲಿ. ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯಲ್ಲಿರುವ ಒಡಿಶಾ ಮೂಲದ ವಿಜ್ಞಾನಿ ಸಚ್ಚಿದಾನಂದ ಪಂಡಾ ಮತ್ತು ಸಂಗಡಿಗರು ಇಲಿಗಳ ಎರಡು ಗುಂಪಿಗೆ ಒಂದೇ ಬಗೆಯ ಕೊಬ್ಬಿನ ಆಹಾರ ಕೊಟ್ಟರು. ಒಂದು ಗುಂಪು ಹಗಲು ರಾತ್ರಿ ಯಾವಾಗ ಬೇಕಾದರೂ ತಿನ್ನಬಹುದು, ಇನ್ನೊಂದಕ್ಕೆ ದಿನಕ್ಕೆ 8 ಗಂಟೆ ಮಾತ್ರ. ಹೊಟ್ಟೆಗೆ ಹೋದದ್ದು ಹೆಚ್ಚುಕಡಿಮೆ ಅಷ್ಟೇ. ಆದರೂ ಹೊತ್ತುಗೊತ್ತಿಲ್ಲದೆ ತಿಂದವು ಬೊಜ್ಜು ಬೆಳೆಸಿದವು, 8 ಗಂಟೆಯವು ಬಹುಮಟ್ಟಿಗೆ ಪಾರಾದವು. 2015ರಲ್ಲಿ ಅವರ ತಂಡವೇ ಫೋನಿನ ಆಪ್ ಮೂಲಕ ಮನುಷ್ಯರು ತಿನ್ನುವುದನ್ನು ದಾಖಲಿಸಿತು. ಅರ್ಧಕ್ಕಿಂತ ಹೆಚ್ಚು ಜನರ ಮೊದಲ ಗುಟುಕಿಗೂ ಕೊನೆಯ ತುತ್ತಿಗೂ ನಡುವೆ ಸುಮಾರು 15 ಗಂಟೆ ಅಥವಾ ಅದಕ್ಕೂ ಹೆಚ್ಚು ಅಂತರವಿತ್ತು. ಮೂರು ಹೊತ್ತಿನ ಊಟ ಎನ್ನುವುದು ಬಾಯಿಮಾತಿಗೆ ಮಾತ್ರ. ದೇಹದೊಳಗೆ ಒಂದು ಗಡಿಯಾರ ಇದೆ ಎನ್ನುವುದಂತೂ ಈಗ ಪ್ರಶ್ನೆಯೇ ಅಲ್ಲ. ಅದು ಜೀವಕೋಶದ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಮೂವರಿಗೆ 2017ರ ವೈದ್ಯಕೀಯ ನೊಬೆಲ್ ಸಿಕ್ಕಿತು.

ಇಲಿಯಿಂದ ಮನುಷ್ಯನಿಗೆ ಬಂದಾಗ ಕತೆ ಅಷ್ಟು ನೇರವಾಗಿ ಉಳಿಯಲಿಲ್ಲ. 2018ರಲ್ಲಿ ಅಮೆರಿಕದಲ್ಲಿ, ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 8 ಗಂಡಸರಿಗೆ 5 ವಾರ ದಿನದ ಊಟವನ್ನೆಲ್ಲ 6 ಗಂಟೆಯೊಳಗೆ, ಮಧ್ಯಾಹ್ನ 3ಕ್ಕೆ ಮುಂಚೆಯೇ ಮುಗಿಸುವಂತೆ ಮಾಡಿಸಿದರು. ತೂಕ ಇಳಿಯದಂತೆ ನೋಡಿಕೊಂಡೇ ಈ ಪ್ರಯೋಗ ನಡೆಯಿತು, ಹಾಗಿದ್ದೂ ಬಿ.ಪಿ. ಇಳಿಯಿತು, ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿತು. 2020ರಲ್ಲಿ 19 ಜನರ ಇನ್ನೊಂದು ಅಧ್ಯಯನದಲ್ಲಿ 10 ಗಂಟೆಯ ಗಡಿ ಹಾಕಿಕೊಂಡವರ ತೂಕ, ಬಿ.ಪಿ., ಕೆಟ್ಟ ಕೊಲೆಸ್ಟ್ರಾಲ್ ಇಳಿದವು. ಇವರಲ್ಲಿ ಹೆಚ್ಚಿನವರು ಕೊಲೆಸ್ಟ್ರಾಲಿಗೋ ಬಿ.ಪಿ.ಗೋ ಮೊದಲೇ ಮಾತ್ರೆ ನುಂಗುತ್ತಿದ್ದವರು. ಅದೇ ವರ್ಷ 116 ಜನರ ಮೇಲೆ ನಡೆದ ಪ್ರಯೋಗದಲ್ಲಿ ಮಧ್ಯಾಹ್ನ 12ರಿಂದ ರಾತ್ರಿ 8ರವರೆಗೆ ಉಂಡವರಿಗೆ ಮೂರು ಹೊತ್ತು ಉಂಡವರಿಗಿಂತ ಹೇಳಿಕೊಳ್ಳುವಂಥ ಲಾಭವೇನೂ ಕಾಣಲಿಲ್ಲ. ಸ್ನಾಯು ಕರಗಿದ ಸೂಚನೆಯೂ ಇತ್ತು. 2022ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ 139 ಜನರನ್ನು ಒಂದು ವರ್ಷ ಗಮನಿಸಿದರು. ಊಟದ ಪ್ರಮಾಣವನ್ನು ಎಲ್ಲರಿಗೂ ಇಳಿಸಿದಾಗ, ಹೊತ್ತಿನ ಗಡಿಯಿಂದ ಹೆಚ್ಚುವರಿಯಾಗಿ ಗಣನೀಯ ಪ್ರಯೋಜನ ಸಿಗಲಿಲ್ಲ. ಗಮನಿಸಿ, ಇವುಗಳಲ್ಲಿ ಯಾವ ಪ್ರಯೋಗವೂ ಹೃದಯಾಘಾತವಾದವರಿಗೆಂದು ರೂಪಿಸಿದ್ದಲ್ಲ. ಹೃದಯಾಘಾತವಾದ ಮೇಲೆ ಇಂಥ ಉಪವಾಸ ಮಾಡಿಸಿ ಹೃದಯದ ಬಡಿತದ ಬಲ ಸುಧಾರಿಸಿತೆಂದು ಜರ್ಮನಿಯಿಂದ ಒಂದು ವರದಿ ಬಂದಿದೆಯಾದರೂ ಅದು ತೀರಾ ಸಣ್ಣ ಗುಂಪಿನ ಮೇಲೆ, ವೈದ್ಯರ ಕಣ್ಗಾವಲಿನಲ್ಲಿ ನಡೆದದ್ದು.

ಅಷ್ಟರಲ್ಲಿ 2024ರ ಮಾರ್ಚ್‌ನಲ್ಲಿ ಷಿಕಾಗೋದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಸಭೆಯಿಂದ ಒಂದು ಸುದ್ದಿ ಬಂತು. ಸುಮಾರು 20,000 ಅಮೆರಿಕನ್ನರ ಮಾಹಿತಿ ಜಾಲಾಡಿದಾಗ, ದಿನದ ಆಹಾರವನ್ನೆಲ್ಲ 8 ಗಂಟೆಗಿಂತ ಕಡಿಮೆ ಅವಧಿಯಲ್ಲಿ ಮುಗಿಸುವವರಲ್ಲಿ ಹೃದಯ ಸಂಬಂಧಿ ಸಾವಿನ ಅಪಾಯ ಶೇ 91ರಷ್ಟು ಹೆಚ್ಚು ಕಂಡಿತು. ಮೊದಲೇ ಹೃದಯದ ಕಾಯಿಲೆ ಇದ್ದವರಲ್ಲಿ 8ರಿಂದ 10 ಗಂಟೆಯ ಗಡಿಯವರಿಗೂ ಹೃದಯಾಘಾತ ಅಥವಾ ಪಾರ್ಶ್ವವಾಯುವಿನಿಂದ ಸಾಯುವ ಅಪಾಯ ಶೇ 66ರಷ್ಟು ಹೆಚ್ಚು. ಹೋಲಿಸಿದ್ದು 12ರಿಂದ 16 ಗಂಟೆಯ ಅವಧಿಯಲ್ಲಿ ತಿನ್ನುವವರ ಜೊತೆ. ಪತ್ರಿಕೆಗಳು ಈ 91 ಎಂಬ ಅಂಕಿಯನ್ನು ತಲೆಬರಹದಲ್ಲಿ ಕುಣಿಸಿದವು. ಅದು ಪ್ರಯೋಗವಲ್ಲ, ಸಮೀಕ್ಷೆ. ಜನ ಎರಡು ದಿನ ಏನು ತಿಂದೆವು ಎಂದು ನೆನಪಿನಿಂದ ಹೇಳಿದ್ದನ್ನು ವರ್ಷಗಳ ನಂತರದ ಸಾವಿನ ದಾಖಲೆಗೆ ಹೊಂದಿಸಿ ನೋಡಿದ್ದು. ಹಸಿವು ಸತ್ತುಹೋದ ಕಾಯಿಲೆಯವರು, ಊಟಕ್ಕೆ ಬಿಡುವಿಲ್ಲದ ದುಡಿಮೆಯವರು, ಸಿಗರೇಟಿನಲ್ಲೇ ಹೊಟ್ಟೆ ತುಂಬಿಸಿಕೊಳ್ಳುವವರು ಕೂಡ ಕಡಿಮೆ ಗಂಟೆಯಲ್ಲೇ ತಿಂದು ಮುಗಿಸುತ್ತಾರೆ. ಕಾರಣ ಉಪವಾಸವೇ ಎಂದು ಹೇಳಲಾಗದು. ಆದರೆ ಕಾಯಿಲೆ ಇದ್ದವರ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಮಾತು: 16 ಗಂಟೆಯ ಉಪವಾಸ ನಿಮಗೆ ಕ್ಷೇಮ ಎಂದು ತೋರಿಸುವ ಗಟ್ಟಿ ಪುರಾವೆ ಇನ್ನೂ ಇಲ್ಲ. ಹಾಗಿರುವಾಗ ಸ್ಟೆಂಟ್ ಹಾಕಿಸಿಕೊಂಡವರು ಆ ಪ್ರಯೋಗಕ್ಕೆ ತಮ್ಮ ಎದೆಯನ್ನೇ ಒಡ್ಡಬೇಕಾಗಿಲ್ಲ.

ಹಾಗಾದರೆ ಏನು ಉಳಿಯಿತು? ರಾತ್ರಿ. ಒಂದೇ ತಟ್ಟೆ ಅನ್ನ ಬೆಳಿಗ್ಗೆ ತಿಂದರೆ ರಕ್ತದ ಸಕ್ಕರೆ ಏರುವುದಕ್ಕಿಂತ ರಾತ್ರಿ ತಿಂದರೆ ಹೆಚ್ಚು ಏರುತ್ತದೆ. ನಿದ್ದೆಯ ಹೊತ್ತಿಗೆ ಏರುವ ಮೆಲಟೋನಿನ್ ಇನ್ಸುಲಿನ್ ಸ್ರವಿಸುವುದನ್ನು ತಗ್ಗಿಸುವುದು ಇದಕ್ಕೊಂದು ಕಾರಣ. ಆರೋಗ್ಯವಂತರ ಬಿ.ಪಿ. ನಿದ್ದೆಯಲ್ಲಿ ಶೇ 10ರಿಂದ 20ರಷ್ಟು ಇಳಿಯುತ್ತದೆ. ಇಳಿಯದವರಿಗೆ ಹೃದಯದ ತೊಂದರೆ ಹೆಚ್ಚು. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿ 2023ರ ಕೊನೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ರಾತ್ರಿ 9ರ ನಂತರ ಕೊನೆಯ ಊಟ ಮಾಡುವವರಿಗೆ 8ಕ್ಕೆ ಮುಂಚೆ ಮುಗಿಸುವವರಿಗಿಂತ ಮಿದುಳಿನ ರಕ್ತನಾಳದ ಕಾಯಿಲೆ ಶೇ 28ರಷ್ಟು ಹೆಚ್ಚು ಕಂಡಿತು, ಅದರಲ್ಲೂ ಹೆಂಗಸರಲ್ಲಿ. ಅದೇ ಅಧ್ಯಯನದಲ್ಲಿ ಬೆಳಗಿನ ತಿಂಡಿ ತಡವಾದಷ್ಟೂ ಹೃದ್ರೋಗದ ಅಪಾಯ ಏರಿತು. ಇದೂ ಸಮೀಕ್ಷೆಯೇ, ಒಪ್ಪುತ್ತೇನೆ. ಆದರೆ ಏಳೂವರೆಗೆ ಊಟ ಮುಗಿಸುವುದರಿಂದ ಹೆಚ್ಚಿನವರಿಗೆ ಕೇಡಿಲ್ಲ. ಬೆಳಗಿನ ತಿಂಡಿ ಬಿಡುವುದರ ಬಗ್ಗೆ ಹಾಗೆ ಹೇಳಲಾಗದು.

ಆದ್ದರಿಂದ ಲೆಕ್ಕ ಇಷ್ಟು: ಬೆಳಿಗ್ಗೆ ಎಂಟರ ಹೊತ್ತಿಗೆ ತಿಂಡಿ, ಸಂಜೆ ಏಳರಿಂದ ಏಳೂವರೆಯೊಳಗೆ ಕೊನೆಯ ಊಟ, ಹತ್ತೂವರೆಗೆ ಹಾಸಿಗೆ. ಹನ್ನೊಂದು, ಹನ್ನೊಂದೂವರೆ ಗಂಟೆಯ ಗಡಿ. ಇದಕ್ಕಿಂತ ಬಿಗಿ ಮಾಡುವ ಮನಸ್ಸಿದ್ದರೆ ಅದು ನಿಮ್ಮ ಹೃದ್ರೋಗ ತಜ್ಞರು ಎಕೋ ವರದಿ ನೋಡಿ ಹೇಳಬೇಕಾದ ಮಾತು. 10 ಗಂಟೆಗಿಂತ ಕೆಳಗಂತೂ ನೀವಾಗಿ ಇಳಿಯಬೇಡಿ.

ಇಷ್ಟನ್ನೂ ಎಲ್ಲರೂ ಕೂಡಲೇ ಶುರು ಮಾಡುವಂತಿಲ್ಲ. ಬೈಪಾಸ್ ಆದವರ ಎದೆಮೂಳೆ ಕೂಡಿಕೊಳ್ಳಲು ಎರಡು ಮೂರು ತಿಂಗಳೇ ಬೇಕು. ಆ ದಿನಗಳಲ್ಲಿ ಬಾಯಿರುಚಿಯೂ ಇರುವುದಿಲ್ಲ. ಗಾಯ ಮಾಯಲು ಬೇಳೆ, ಮೊಸರು, ಮೊಟ್ಟೆಯಂಥ ಪ್ರೋಟೀನು ಎಷ್ಟು ಹೋದರೂ ಒಳ್ಳೆಯದು, ಯಾವ ಹೊತ್ತಿಗೆ ಹೋದರೂ ಸರಿಯೇ. ಹೃದಯಾಘಾತವಾದ ಮೊದಲ ವಾರಗಳಲ್ಲೂ ಅಷ್ಟೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಕಾಲು ಊದಿ ಉಸಿರು ಸಿಕ್ಕಿಕೊಳ್ಳುವ ಹಾರ್ಟ್ ಫೇಲ್ಯೂರ್ ಇರುವವರು, ಮೂತ್ರಪಿಂಡ ದುರ್ಬಲವಾದವರು, ತೂಕ ತಾನಾಗೇ ಇಳಿಯುತ್ತಿರುವ ವಯಸ್ಸಾದವರು ವೈದ್ಯರನ್ನು ಕೇಳದೆ ಊಟದ ಹೊತ್ತನ್ನು ಅಲುಗಿಸಲೇಬಾರದು.

ಈಗ ಚೀಟಿಗೆ ಬರೋಣ. ಸ್ಟೆಂಟ್ ಹಾಕಿದ ಮೇಲೆ ಕೊಡುವ ರಕ್ತ ತೆಳು ಮಾಡುವ ಎರಡು ಮಾತ್ರೆಗಳು, ಅಂದರೆ ಆಸ್ಪಿರಿನ್ ಮತ್ತು ಅದರ ಜೊತೆಯ ಕ್ಲೊಪಿಡೋಗ್ರೆಲ್ ಅಥವಾ ಟಿಕಾಗ್ರೆಲೋರ್, ಒಂದು ದಿನವೂ ತಪ್ಪಬಾರದು. ತಪ್ಪಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ತಿಂಡಿ ಬಿಟ್ಟವರ ಮನೆಯಲ್ಲಿ ನಡೆಯುವುದು ಇದೇ: 'ಊಟದ ನಂತರ' ಎಂದಿದ್ದ ಮಾತ್ರೆ ಮಧ್ಯಾಹ್ನಕ್ಕೆ ಜಾರುತ್ತದೆ, ಆಮೇಲೆ ಮರೆತುಹೋಗುತ್ತದೆ. ಟಿಕಾಗ್ರೆಲೋರ್ ದಿನಕ್ಕೆ ಎರಡು ಬಾರಿ, 12 ಗಂಟೆಯ ಅಂತರದಲ್ಲಿ ಹೋಗಬೇಕು. ಇದನ್ನು ಊಟವಿಲ್ಲದೆಯೂ ನುಂಗಬಹುದು. ಹಾಗಾಗಿ ರಾತ್ರಿ ಊಟ ಏಳಕ್ಕೆ ಬಂದರೆ ಈ ಮಾತ್ರೆಯನ್ನೂ ಅದರ ಹಿಂದೆ ಎಳೆಯುವ ಅಗತ್ಯವಿಲ್ಲ, ಗಡಿಯಾರ ನೋಡಿ ನೀರಿನಲ್ಲಿ ತೆಗೆದುಕೊಂಡರಾಯಿತು. ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಗಳಿಗೂ ಊಟದ ಹಂಗಿಲ್ಲ; ಮಲಗುವಾಗ ನುಂಗಬಹುದು. ಗ್ಯಾಸ್ಟ್ರಿಕ್ ಎಂದು ಕೊಡುವ ಪ್ಯಾಂಟೋಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಗೆ.

ಊಟವನ್ನೇ ನೆಚ್ಚಿಕೊಂಡ ಮಾತ್ರೆಗಳೂ ಇವೆ. ಕಾರ್ವೆಡಿಲಾಲ್ ಖಾಲಿ ಹೊಟ್ಟೆಗೆ ಹೋದರೆ ಎದ್ದು ನಿಂತಾಗ ಬಿ.ಪಿ. ಕುಸಿದು ತಲೆ ಸುತ್ತಬಹುದು. ರಿವಾರೋಕ್ಸಬಾನ್‌ನ 15 ಮತ್ತು 20 ಮಿಲಿಗ್ರಾಂ ಮಾತ್ರೆ ಊಟದ ಜೊತೆ ಹೋಗದಿದ್ದರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮೆಟ್‌ಫಾರ್ಮಿನ್ ಬರಿಹೊಟ್ಟೆಯಲ್ಲಿ ಹೊಟ್ಟೆ ಕೆಡಿಸುತ್ತದೆ. ಕವಾಟದ ಆಪರೇಷನ್ ಆಗಿ ಅಸಿಟ್ರೋಮ್ ಅಥವಾ ವಾರ್ಫರಿನ್ ತೆಗೆದುಕೊಳ್ಳುವವರು ಹೊತ್ತಿಗಿಂತ ಸೊಪ್ಪಿನ ಮೇಲೆ ಕಣ್ಣಿಡಬೇಕು: ಹೊಸ ಪಥ್ಯದ ಹುರುಪಿನಲ್ಲಿ ಪಾಲಕ್, ದಂಟು, ನುಗ್ಗೆಸೊಪ್ಪು ಒಮ್ಮೆಲೇ ಹೆಚ್ಚಿದರೆ ರಕ್ತ ಹೆಪ್ಪುಗಟ್ಟುವಿಕೆಯ ಅಳತೆಯಾದ ಐ.ಎನ್.ಆರ್. ಏರುಪೇರಾಗುತ್ತದೆ. ಶುಗರ್ ಇರುವವರಿಗೆ ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ದೊಡ್ಡ ತೊಡಕು. ಊಟ ಮುಂದೆ ಹೋದರೂ ಇವು ತಮ್ಮ ಕೆಲಸ ಮಾಡಿಯೇ ಮಾಡುತ್ತವೆ, ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳನ್ನು ಈಗ ಶುಗರ್ ಇಲ್ಲದ ಹೃದ್ರೋಗಿಗಳಿಗೂ ಬರೆಯುತ್ತಾರೆ. ಇವನ್ನು ತೆಗೆದುಕೊಳ್ಳುವ ಶುಗರ್‌ನವರು ದೀರ್ಘ ಉಪವಾಸ ಮಾಡಿದರೆ ಮೀಟರಿನಲ್ಲಿ ಸಕ್ಕರೆ ಸರಿಯಾಗಿ ಕಂಡರೂ ರಕ್ತದಲ್ಲಿ ಆಮ್ಲ ಶೇಖರವಾಗುವ ಗಂಭೀರ ಸ್ಥಿತಿ ಬರಬಹುದು.

ಮುಂದಿನ ಬಾರಿ ಆಸ್ಪತ್ರೆಗೆ ಹೋದಾಗ 'ನಾನು ಉಪವಾಸ ಮಾಡಬಹುದಾ ಡಾಕ್ಟ್ರೇ' ಎಂದು ಕೇಳಬೇಡಿ. ಜನಜಂಗುಳಿಯ ನಡುವೆ ಬೇಡ ಎಂಬ ಒಂದೇ ಉತ್ತರ ಬರುತ್ತದೆ. 'ತಿಂಡಿ ಎಂಟಕ್ಕೆ, ರಾತ್ರಿ ಊಟ ಏಳಕ್ಕೆ ಮಾಡ್ಕೊಳ್ತೀನಿ, ಇದರಲ್ಲಿ ಯಾವ ಮಾತ್ರೆ ಯಾವಾಗ ತಗೊಳ್ಳಲಿ' ಎಂದು ಚೀಟಿ ಮುಂದಿಡಿ. ಪೆನ್ನಿನಲ್ಲಿ ಗಂಟೆ ಬರೆಸಿಕೊಳ್ಳಿ.

ಮನೆಯಲ್ಲಿ ಇದನ್ನು ಕೂರಿಸುವುದು ಮಾತ್ರೆಗಿಂತ ಕಷ್ಟ. ಮೊದಲ ವಾರ ಏನನ್ನೂ ಬದಲಿಸದೆ ಬರೆದಿಡಿ. ಬೆಳಗಿನ ಆರರ ಕಾಫಿ ಲೆಕ್ಕಕ್ಕೆ ಬರುತ್ತದೆ, ಹಾಲು ಸಕ್ಕರೆ ಇದ್ದಮೇಲೆ ಅದೂ ಆಹಾರವೇ. ಸಂಜೆಯ ಎರಡು ಬಿಸ್ಕೆಟ್, ಟಿ.ವಿ. ಮುಂದಿನ ಖಾರಾಮಂಡಕ್ಕಿ, ಮಲಗುವಾಗಿನ ಬಾದಾಮಿ ಹಾಲು, ಎಲ್ಲವೂ. ಬರೆದಾಗಲೇ ನಮ್ಮ ಮೂರು ಹೊತ್ತು ಎಷ್ಟು ಉದ್ದವಿದೆ ಎಂದು ಗೊತ್ತಾಗುವುದು. ಆಮೇಲೆ ರಾತ್ರಿಯ ಊಟವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಕಾಲು ಗಂಟೆ ಹಿಂದಕ್ಕೆ ತನ್ನಿ. ಒಂಬತ್ತೂವರೆಯಿಂದ ಒಮ್ಮೆಲೇ ಏಳಕ್ಕೆ ಹಾರಿದರೆ ಹತ್ತಕ್ಕೆ ಹಸಿವಾಗಿ ಡಬ್ಬಕ್ಕೆ ಕೈ ಹೋಗುತ್ತದೆ. ಬೆಳಗಿನ ಕಾಫಿಯನ್ನು ತಿಂಡಿಯ ಹತ್ತಿರಕ್ಕೆ ತಳ್ಳಿದರೆ ಇನ್ನೊಂದು ಗಂಟೆ ಉಳಿತಾಯ. ನೀರಿಗೆ ಗಂಟೆಯ ಗಡಿ ಇಲ್ಲ. ವೈದ್ಯರು ದಿನಕ್ಕಿಷ್ಟೇ ಎಂದು ಅಳತೆ ಹೇಳಿದ್ದರೆ ಆ ಅಳತೆ ಮೀರಬೇಡಿ.

ಎಲ್ಲರೂ ಒಂಬತ್ತೂವರೆಗೆ ಉಣ್ಣುವ ಮನೆಯಲ್ಲಿ ಒಬ್ಬರೇ ಏಳಕ್ಕೆ ತಟ್ಟೆ ಹಾಕಿಕೊಳ್ಳುವುದು ಗಂಡಸರಿಗೆ ಹೇಗೋ ಸಾಧ್ಯವಾಗುತ್ತದೆ, ಹೆಂಡತಿಯೋ ಸೊಸೆಯೋ ಮೊದಲೇ ಬಡಿಸುತ್ತಾರೆ. ಸ್ಟೆಂಟ್ ಬಿದ್ದಿರುವುದು ಮನೆಯ ಹೆಂಗಸಿಗಾದರೆ? ಅವರು ಎಲ್ಲರಿಗೂ ಬಡಿಸಿ, ಅಡುಗೆಮನೆ ಒರೆಸಿ, ಉಳಿದದ್ದನ್ನು ಹತ್ತೂವರೆಗೆ ಉಂಡು, ಹನ್ನೊಂದಕ್ಕೆ ಮಲಗುತ್ತಾರೆ. ಹೃದಯಾಘಾತವಾದ ಮೇಲೂ ಈ ಕ್ರಮ ಬದಲಾಗದ ಮನೆಗಳಿವೆ. ಮಗ ಮಾತ್ರೆ ತಂದುಕೊಡುತ್ತಾನೆ, ಮಗಳು ಚೆಕಪ್‌ಗೆ ಕರೆದೊಯ್ಯುತ್ತಾಳೆ, ಅಮ್ಮ ಎಷ್ಟು ಹೊತ್ತಿಗೆ ಉಂಡಳು ಎಂದು ಯಾರೂ ನೋಡುವುದಿಲ್ಲ. ಈ ಲೇಖನ ಓದುತ್ತಿರುವವರು ಅಂಥ ಮನೆಯವರಾದರೆ, ಉಪವಾಸದ ಗಂಟೆ ಲೆಕ್ಕ ಹಾಕುವುದನ್ನು ಬಿಟ್ಟು ಇವತ್ತು ಸಂಜೆ ಏಳೂಕಾಲಿಗೆ ಅವರನ್ನು ಕೂರಿಸಿ ಬಡಿಸಿ. ಸಾರು ಪಲ್ಯ ಸಂಜೆ ಆರೂವರೆಗೇ ಆಗಿದ್ದರೆ ಎರಡು ಬಾರಿ ಒಲೆ ಹಚ್ಚುವ ಕೆಲಸವೂ ಇಲ್ಲ. ತಡವಾಗಿ ಬರುವವರು ಬಿಸಿ ಮಾಡಿಕೊಂಡು ಉಣ್ಣಲಿ.

ಗಡಿಯೊಳಗೆ ಏನು ಬೇಕಾದರೂ ತಿನ್ನಬಹುದು ಎಂಬ ನಂಬಿಕೆ ಕೆಟ್ಟದ್ದು. ಸಂಜೆ ಆರಕ್ಕೆ ತಿಂದರೂ ಬಜ್ಜಿ ಬಜ್ಜಿಯೇ. ಉಪ್ಪು ದಿನಕ್ಕೆ ಒಟ್ಟು 5 ಗ್ರಾಂ, ಹೆಚ್ಚುಕಡಿಮೆ ಒಂದು ಚಹಾ ಚಮಚ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ ಸೇರಿದರೆ ಅದು ಮಧ್ಯಾಹ್ನಕ್ಕೇ ಮುಗಿದಿರುತ್ತದೆ. ಇನ್ನೊಂದು ಮುಖ್ಯ ಸಂಗತಿ ಊಟದ ಗಾತ್ರ. ಹೊಟ್ಟೆ ಬಿರಿಯೆ ಉಂಡಾಗ ಕರುಳಿಗೆ ಹೆಚ್ಚು ರಕ್ತ ಕಳಿಸಲು ಹೃದಯ ಹೆಚ್ಚು ದುಡಿಯಬೇಕು. ರಕ್ತನಾಳದಲ್ಲಿ ಇನ್ನೂ ಅಡಚಣೆ ಉಳಿದವರಿಗೆ ಭಾರಿ ಊಟದ ಮೇಲೆ ಎದೆ ಹಿಡಿದುಕೊಳ್ಳುವುದು ಇದರಿಂದಲೇ. ಒಪ್ಪೊತ್ತು ಉಂಡವನು ಯೋಗಿ ಎಂಬ ಗಾದೆಯನ್ನು ನಂಬಿ ದಿನದ್ದನ್ನೆಲ್ಲ ಒಂದೇ ಹೊತ್ತಿಗೆ ತುಂಬುವುದು ಇಲ್ಲಿ ನಡೆಯದು. ತಿಂಡಿ ಗಟ್ಟಿಯಾಗಿರಲಿ, ಮಧ್ಯಾಹ್ನದ ಊಟ ಹದವಾಗಿರಲಿ, ನಾಲ್ಕೂವರೆಗೆ ಒಂದು ಹಣ್ಣೋ ಒಂದು ಹಿಡಿ ಬೇಯಿಸಿದ ಕಾಳೋ, ರಾತ್ರಿಗೆ ಒಂದು ಜೋಳದ ರೊಟ್ಟಿ ಅಥವಾ ಸಣ್ಣ ಮುದ್ದೆ, ಮೇಲೆ ಸೊಪ್ಪಿನ ಸಾರು. ಊಟವಾದ ಕೂಡಲೇ ಬಿರುಸಿನ ನಡಿಗೆ ಬೇಡ. ಮನೆಯಂಗಳದಲ್ಲಿ ನಿಧಾನ ಓಡಾಡಿದರೆ ಸಾಕು.

ಬೇಗ ಉಣ್ಣುವುದರಿಂದ ತಕ್ಷಣ ಗೊತ್ತಾಗುವ ಒಂದು ಲಾಭವಿದೆ. ಉಂಡ ಕೂಡಲೇ ಮಲಗಿದಾಗ ಏರುವ ಹುಳಿತೇಗು, ಎದೆಯುರಿ ಕಡಿಮೆಯಾಗುತ್ತದೆ. ನಡುರಾತ್ರಿ ಎದೆ ಉರಿದಾಗ ಇದು ಗ್ಯಾಸೋ ಹಾರ್ಟೋ ಎಂದು ಮನೆಮಂದಿಯೆಲ್ಲ ಎದ್ದು ಕೂರುವುದು ಈ ರೋಗಿಗಳ ಮನೆಯಲ್ಲಿ ಹೊಸದಲ್ಲ. ಹಾಗೆಂದು ಎದೆನೋವನ್ನು ಗ್ಯಾಸ್ಟ್ರಿಕ್ ಎಂದು ನೀವೇ ತೀರ್ಮಾನಿಸಬೇಡಿ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು ಬಂದರೆ ಸೋಡಾ ಕುಡಿಯುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಸಕ್ಕರೆ ಇಳಿದಾಗಲೂ ಬೆವರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ. ಆದರೆ ಮೆಟೊಪ್ರೊಲಾಲ್‌ನಂಥ, ಎದೆಬಡಿತ ನಿಧಾನಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ನಡುಕ, ಡವಡವ ಎರಡೂ ಮುಚ್ಚಿಹೋಗಿ ಬೆವರು ಮಾತ್ರ ಉಳಿಯಬಹುದು. ಮೀಟರಿನಲ್ಲಿ 70ಕ್ಕಿಂತ ಕೆಳಗಿದ್ದರೆ, ಮೀಟರ್ ಇಲ್ಲದಿದ್ದರೆ ಅನುಮಾನ ಬಂದ ಕೂಡಲೇ, ಗಂಟೆ ಎಷ್ಟಾದರೂ ಆಗಿರಲಿ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಯಿರಿ. ನಿಯಮ ಅಲ್ಲಿಗೆ ಮುಗಿಯಿತು.

ಏಕಾದಶಿ, ಶಿವರಾತ್ರಿಯ ನಿರ್ಜಲ ಉಪವಾಸಕ್ಕೂ ರಂಜಾನಿನ ಉಪವಾಸಕ್ಕೂ ಈ ಊಟದ ಗಡಿಯನ್ನು ಬೆರೆಸಬೇಡಿ. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿ ಇಡೀ ದಿನ ನೀರು ಬಿಟ್ಟರೆ ಬಿ.ಪಿ. ಕುಸಿಯುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು. ವ್ರತ ಹಿಡಿಯುವುದಿದ್ದರೆ ಕೆಲವು ವಾರ ಮುಂಚೆಯೇ ವೈದ್ಯರಲ್ಲಿ ಹೇಳಿ. ಕಾಯಿಲೆಯವರಿಗೆ ಎರಡೂ ಸಂಪ್ರದಾಯಗಳಲ್ಲಿ ವಿನಾಯಿತಿ ಇದ್ದೇ ಇದೆ. ಸೂರ್ಯ ಮುಳುಗಿದ ಮೇಲೆ ಉಣ್ಣದ ಜೈನ ಮನೆಗಳವರಿಗಾದರೆ ಈ ಲೇಖನದಿಂದ ಹೊಸದಾಗಿ ಕಲಿಯುವುದು ಹೆಚ್ಚೇನೂ ಇಲ್ಲ, ಮಾತ್ರೆಯ ಹೊತ್ತೊಂದನ್ನು ಹೊಂದಿಸಿಕೊಂಡರೆ ಆಯಿತು.

ರಾತ್ರಿ ಪಾಳಿಯವರಿಗೆ, ಅಂದರೆ ಬಸ್ ಓಡಿಸುವವರಿಗೆ, ಸೆಕ್ಯುರಿಟಿ ಕೆಲಸದವರಿಗೆ, ಅಮೆರಿಕದ ಹೊತ್ತಿಗೆ ಕೂರುವ ಕಂಪನಿಗಳವರಿಗೆ ಏಳರ ಊಟ ಸಾಧ್ಯವಿದೆ, ನಡುರಾತ್ರಿಯ ಹಸಿವು ಕಷ್ಟ. ದೊಡ್ಡ ಊಟವನ್ನು ಪಾಳಿಗೆ ಮುಂಚೆ ಮುಗಿಸಿ, ರಾತ್ರಿ ಎರಡರ ಪರೋಟ ಬಿಟ್ಟು ಹಣ್ಣು, ಮೊಸರಿನಂಥ ಹಗುರವಾದದ್ದನ್ನು ಇಟ್ಟುಕೊಳ್ಳಬಹುದು. ಹೃದಯಾಘಾತವಾದ ಮೇಲೆ ಪಾಳಿ ಬದಲಿಸಿಕೊಡಿ ಎಂದು ವೈದ್ಯರ ಪತ್ರ ಹಿಡಿದು ಕೇಳುವುದು ಅದಕ್ಕಿಂತ ಒಳ್ಳೆಯ ದಾರಿ.

ಎರಡು ಮೂರು ತಿಂಗಳು ನಡೆಸಿ, ಮುಂದಿನ ತಪಾಸಣೆಗೆ ಕೊಲೆಸ್ಟ್ರಾಲ್, ಎಚ್‌ಬಿಎ1ಸಿ, ತೂಕದ ಜೊತೆ ಮನೆಯಲ್ಲಿ ಅಳೆದ ಬಿ.ಪಿ.ಯ ಪಟ್ಟಿಯನ್ನೂ ಒಯ್ಯಿರಿ. ಹಾರ್ಟ್ ಫೇಲ್ಯೂರ್ ಇದ್ದವರ ತೂಕ ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದಿಂದ ಬಂದದ್ದಲ್ಲ, ನೀರು ತುಂಬಿದ್ದು. ತಪಾಸಣೆಯ ದಿನಕ್ಕೆ ಕಾಯದೆ ಹೋಗಿ. ತೂಕ ನಿಧಾನವಾಗಿ ಇಳಿದವರಲ್ಲಿ ಬಿ.ಪಿ.ಯೂ ಇಳಿದು, ಮೊದಲಿನ ಮಾತ್ರೆ ಈಗ ಹೆಚ್ಚಾಗಿ ಎದ್ದಾಗ ಕಣ್ಣು ಕತ್ತಲೆ ಬರಬಹುದು. ಕೂತು ಒಮ್ಮೆ, ನಿಂತು ಒಮ್ಮೆ ಅಳೆದು ಎರಡೂ ಅಂಕಿಗಳನ್ನು ವೈದ್ಯರಿಗೆ ತಿಳಿಸಿ. ಮಾತ್ರೆಯನ್ನು ನೀವೇ ಅರ್ಧ ಮುರಿದು ನುಂಗಬೇಡಿ, ಅವರು ಹೇಳುವವರೆಗೆ ಚೀಟಿಯಲ್ಲಿದ್ದಷ್ಟೇ ನಡೆಯಲಿ.